ಐದನೆಯವಳು

ಸುಳ್ಳಿನಲ್ಲೂ ಜಾಣ ಸುಳ್ಳು, ದಡ್ಡ ಸುಳ್ಳು ಅಂತ ಇರುತ್ತವೆ. ಉಷಾ ಹೇಳಿದ್ದು ಜಾಣ ಸುಳ್ಳೇ. ನಾಲಿಗೆ ತೊದಲಲಿಲ್ಲ, ಮುಖ ಕೆಂಪಾಗಲಿಲ್ಲ. ಗುರುವಾರ ದೀಪ ಹಚ್ಚುವ ಹೊತ್ತಿಗೆ ಹೈದರಾಬಾದಿನ ಕಾಚಿಗೂಡದ ತಮ್ಮ ಹಳೇ ಮನೆಯ ಅಂಗಳದಲ್ಲಿ ನಿಂತು, "ಅವ್ವಾ, ನಾ ಹೊರಗಾಗೇನಿ" ಅಂದಳು. ಅಷ್ಟೇ. ಆ ಮನೆಯ ಹೆಂಗಸರು ತಿಂಗಳಿಗೊಮ್ಮೆ ಹೇಳುವ ಮಾತು. ಹೇಳಿದವಳು ಮೂರು ದಿನ ಯಾರನ್ನೂ ಮುಟ್ಟದೆ ಹಿಂದಿನ ಕೋಣೆಯಲ್ಲಿ ಕೂತು, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಇಂಥ ಮಾತಿಗೆ ಸಾಕ್ಷಿ ಕೇಳುವವರು ಈ ಪ್ರಪಂಚದಲ್ಲಿ ಎಲ್ಲಿದ್ದಾರೆ?

ಸುಳ್ಳು ಹೇಳದೆ ಗತಿಯಿರಲಿಲ್ಲ. ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ಅವಳನ್ನು ನೋಡಲು ಗುಲ್ಬರ್ಗದಿಂದ ಗಂಡಿನವರು ಬರುವವರಿದ್ದರು. ಅದೇ ಶುಕ್ರವಾರ, ಅದೇ ನಾಲ್ಕು ಗಂಟೆಗೆ ಅವಳ ಕಾಲೇಜಿನ ಬಾಸ್ಕೆಟ್‌ಬಾಲ್ ಮ್ಯಾಚು. ಕನ್ಯೆ ನೋಡುವ ಶಾಸ್ತ್ರವನ್ನು ಮುಂದಕ್ಕೆ ಹಾಕಿ ಅಂದರೆ ಹಾಕುವವರು ಯಾರು? "ಚೆಂಡು ಓಡಿ ಹೋಗ್ತದೇನು? ವರ ಓಡಿ ಹೋಗ್ತಾನ" ಅಂತಾರೆ. ಆದರೆ ಹುಡುಗಿ ಹೊರಗಾಗಿದ್ದರೆ ಯಾರೂ ತುಟಿಪಿಟಕ್ಕನ್ನುವುದಿಲ್ಲ, ಶಾಸ್ತ್ರ ತಾನೇ ಮುಂದಕ್ಕೆ ಹೋಗುತ್ತದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಇನ್ನು ಆ ಮ್ಯಾಚಿನ ಕಥೆ ಕೇಳಿ. ಗಂಗಾಬಾಯಿ ಮಹಿಳಾ ಕಾಲೇಜಿನ ತಂಡ ಅಂದರೆ ಒಂದು ಕಾಲಕ್ಕೆ ಬೇರೆ ಕಾಲೇಜಿನವರು ಹೆದರುತ್ತಿದ್ದರು. ಉಷಾ ಸೇರಿದ ವರ್ಷ ಹನ್ನೆರಡು ಹುಡುಗಿಯರಿದ್ದರು. ಫೈನಲ್‌ವರೆಗೂ ಹೋಗಿ ಒಂದೇ ಒಂದು ಬುಟ್ಟಿಯಿಂದ ಸೋತು, ಸೋತವರೇ ಗೆದ್ದವರ ಹಾಗೆ ಕೋಠಿ ಬಜಾರಿನಲ್ಲಿ ಮಿರ್ಚಿ ಬಜ್ಜಿ ತಿಂದು ಕುಣಿಯುತ್ತ ಬಂದಿದ್ದರು. ಆ ಬೇಸಿಗೆಯಲ್ಲಿ ನಾಲ್ವರ ಮದುವೆಯಾಯಿತು. ಮರುವರ್ಷ ಎಂಟು ಜನ, ಸೆಮಿಫೈನಲ್‌ನಲ್ಲಿ ಸೋತರು. ಲಗ್ನದ ಮಾಘ ಮಾಸ ಬಂತು, ಮತ್ತೆ ಮೂವರು ಹೋದರು. ಹೊಸಬರನ್ನು ಕರೆದರೆ ಅವರ ಮನೆಯಲ್ಲಿ "ಹುಡುಗಿ ಕಪ್ಪಾಗ್ತಾಳೆ, ಕಾಲಿನ ಪಿಂಡಲಿ ದಪ್ಪಗಾಗ್ತವೆ" ಅಂದರು. ಈ ವರ್ಷ, ಎಂಬತ್ತಾರರ ಚಳಿಗಾಲಕ್ಕೆ, ಉಳಿದವರು ಐದೇ ಜನ. ಕಾಲು ಉಳುಕಿದರೆ ಬದಲಿಗೆ ಒಬ್ಬಳಿಲ್ಲ. ಆ ತಂಡವನ್ನು ಮುರಿದದ್ದು ಯಾವ ಕಾಲೇಜೂ ಅಲ್ಲ, ನಮ್ಮ ಪಂಚಾಂಗ!

ಪ್ರಿನ್ಸಿಪಾಲರು ಬೇಸಿಗೆಯಿಂದಲೂ ಇವರು ಆಡುವ ಸಿಮೆಂಟಿನ ಅಂಕಣದ ಮೇಲೆ ಕಣ್ಣು ಹಾಕಿದ್ದರು. ಅಲ್ಲಿ ಹೊಸ ಲ್ಯಾಬು ಕಟ್ಟಬೇಕು ಅವರಿಗೆ. "ಸೆಮಿಫೈನಲ್ ಮುಟ್ಟಿದರೆ ಅಂಕಣ ಇರುತ್ತದೆ, ತಂಡ ಇರುತ್ತದೆ. ಇಲ್ಲವಾದರೆ ಗುದ್ದಲಿ" ಅಂತ ಸಾಫ್ ಹೇಳಿಬಿಟ್ಟಿದ್ದರು. ಶುಕ್ರವಾರದ ಮ್ಯಾಚು ಗೆದ್ದರೆ ಸೆಮಿಫೈನಲ್. ಎದುರಾಳಿಗಳು ಅಂಥ ಹುಲಿಗಳೇನಲ್ಲ, ಹೋದ ವರ್ಷ ಇವರ ಕೈಲೇ ಸೋತವರು. ಐವರೂ ಬಂದು ನಿಂತರೆ ಗೆಲುವು ಕೈಯಲ್ಲಿದ್ದ ಹಾಗೆ.

ಐವರೂ ಬಂದು ನಿಲ್ಲುವುದೇ ಕಷ್ಟವಿತ್ತು. ಎತ್ತರದ ಹುಡುಗಿ ನಫೀಸಾಳ ನಿಕಾಹ್ ಗೊತ್ತಾಗಿತ್ತು. "ಮ್ಯಾಚ್ ಮುಗಿಯುವ ತನಕ ತಡೆಯಿರಿ, ಆಮೇಲೆ ನೀವು ಹೇಳಿದ ಹಾಗೆ ಕೇಳುತ್ತೇನೆ" ಅಂತ ಅಣ್ಣನ ಮುಂದೆ ಅತ್ತೂ ಕರೆದೂ ತಾರೀಖು ಮುಂದಕ್ಕೆ ಹಾಕಿಸಿದ್ದಳು. ಹಾಗೆ ಮಾಡು ಅಂತ ಅವಳಿಗೆ ಹೇಳಿಕೊಟ್ಟವಳು ಉಷಾಳೇ. ಅವಳು ಕ್ಯಾಪ್ಟನ್. ನಾಲ್ವರನ್ನೂ ಕಾಲುಹಿಡಿದು ತಂದು ನಿಲ್ಲಿಸಿದವಳು ಈಗ ತಾನೇ ಇಲ್ಲದಿದ್ದರೆ ಹೇಗೆ? ಅದಕ್ಕೇ ಆ ಸುಳ್ಳು. ಶುಕ್ರವಾರ ಮಧ್ಯಾಹ್ನ ಅಜ್ಜಿ ಮಲಗಿದಾಗ ಹಿತ್ತಲ ಬಾಗಿಲಿಂದ ಜಾರಿಕೊಳ್ಳುವುದು ಅಂತ ಅವಳ ಲೆಕ್ಕ. ಹಿಂದೆಲ್ಲ ಹಾಗೇ ನಡೆಯುತ್ತಿತ್ತು. ಆ ದಿನಗಳಲ್ಲೂ ತಾಯಿ ಗಿರಿಜಾಬಾಯಿ, "ದೇವರ ಮನಿ ಕಡೆ ಸುಳೀಬ್ಯಾಡ, ಹಿತ್ತಲಿಂದ ಹೋಗು, ಬಂದು ಸ್ನಾನ ಮಾಡು" ಅಂತ ಸುಮ್ಮನೆ ಕಳಿಸುತ್ತಿದ್ದಳು.

ಹುಡುಗಿ ಮರೆತದ್ದು ಒಂದೇ. ಆ ಹಿಂದಿನ ದಿನಗಳಲ್ಲಿ ಅಜ್ಜಿ ಈ ಮನೆಯಲ್ಲಿರಲಿಲ್ಲ.

ಸುಂದರಾಬಾಯಿ, ಅಂದರೆ ಉಷಾಳ ತಂದೆಯ ತಾಯಿ, ರಾಯಚೂರಿನ ದೊಡ್ಡ ಮಗನ ಮನೆಯಿಂದ ದಸರೆಗೆ ಬಂದವಳು ಇಲ್ಲೇ ಉಳಿದಿದ್ದಳು. ಮಡಿಯ ಮುದುಕಿ, ತಾನೇ ನೀರು ಸೇದಿ, ತಾನೇ ಅಡುಗೆ ಮಾಡಿ, ದೇವರಿಗೆ ತೋರಿಸಿ ಉಣ್ಣುವವಳು. ಅವಳು ಬಂದಾಗಿನಿಂದ ತಾಯಿ ಮಗಳು ಉಪಾಯವಾಗಿ ಆ ದಿನಗಳನ್ನೇ ಮುಚ್ಚಿಟ್ಟಿದ್ದರು. ಹೇಳಿದರೆ ತಾನೇ ಕೂರಬೇಕು? ಹೇಳಲೇ ಇಲ್ಲ.

ಈಗ ಉಷಾ ಬಾಯಿಬಿಟ್ಟ ಕೂಡಲೇ ಜಪ ಮಾಡುತ್ತಿದ್ದ ಅಜ್ಜಿಯ ಕೈ ನಿಂತಿತು.

"ಏನಂದಿ? ಹೊರಗಾದ್ಯಾ?" ಅಂದಳು. "ನಾ ದಸರಾಕ್ಕ ಬಂದಾಕಿ. ಈಗ ಮಾರ್ಗಶಿರ. ಇಷ್ಟು ದಿನದಾಗ ನೀ ಒಮ್ಮೆರೆ ಮೂಲ್ಯಾಗ ಕೂತದ್ದು ಕಂಡಿಲ್ಲಲ್ಲ ನಾನು! ನಾ ಏನ್ ತಿಳಕೊಂಡಿದ್ದೆ ಗೊತ್ತದ ಏನು? ಆ ಚೆಂಡಿನ ಹಿಂದ ಓಡಿ ಓಡಿ ಹುಡುಗೀ ಹೊಟ್ಟ್ಯಾಗ ಏನೋ ಎಡವಟ್ಟಾಗೇದ ಅಂತ! ಬಾಯಿ ಮುಚ್ಚಿಕೊಂಡು ರಾಯರಿಗೆ ಹರಕಿ ಹೊತ್ತೀನಿ. ಅಂದ್ರ ಇಷ್ಟು ದಿನ ಎಲ್ಲಾ ಮುಟ್ಟಿಗೋತ, ತಟ್ಟಿಗೋತ ತಿರಗ್ಯಾಳ. ಗಿರಿಜಾ! ನಿನಗಿದು ಗೊತ್ತಿತ್ತಲ್ಲಾ?"

ಗಿರಿಜಾಬಾಯಿ ತಲೆ ತಗ್ಗಿಸಿದಳು. ಅಯ್ಯೋ, ಆಮೇಲಿನ ರಂಪ ಹೇಳತೀರದು. ದೇವರ ಪೆಟ್ಟಿಗೆಗೆ ಪಂಚಗವ್ಯ, ಅಡುಗೆ ಮನೆಗೆ ಸೆಗಣಿ ನೀರು, ಉಪ್ಪಿನಕಾಯಿ ಭರಣಿಗಳೆಲ್ಲ ಹಿತ್ತಲಿಗೆ. ತಂದೆ ನರಹರಿರಾಯರು ಕಂಚನಬಾಗಿನ ಕಾರ್ಖಾನೆಯಿಂದ ಬಂದವರು, ಇದು ಹೆಂಗಸರ ವಿಷಯ ಅಂತ ಚಪ್ಪಲಿಯನ್ನೂ ಬಿಡದೆ ಚಿಕ್ಕಡಪಲ್ಲಿಗೆ ಹೊರಟರು. ಗಂಡಿನವರು ಅಲ್ಲಿ ಬಂಧುಗಳ ಮನೆಗೆ ಆಗಲೇ ಬಂದಿಳಿದಿದ್ದರು. ಉಷಾಳಿಗೆ ಹಿಂದಿನ ಕೋಣೆಯಲ್ಲಿ ಒಂದು ಚಾಪೆ, ಒಂದು ತಂಬಿಗೆ, ಒಂದು ತಟ್ಟೆ. ಅಜ್ಜಿ ಆ ಕೋಣೆಯ ಹೊಸ್ತಿಲ ಎದುರಿಗೇ ಮಣೆ ಹಾಕಿಕೊಂಡಳು. ಕೋಣೆಯಿಂದ ಹಿತ್ತಲಿಗೆ ಹೋಗಲಿ, ಬೀದಿಗೆ ಹೋಗಲಿ, ಆ ಮಣೆ ದಾಟಿಯೇ ಹೋಗಬೇಕು.

"ಎರಡು ತಿಂಗಳದ್ದು ಮೂರು ದಿನದಾಗ ತೀರಸಬೇಕು ನೀನು" ಅಂದಳು ಅಜ್ಜಿ. "ನಾ ಕಣ್ಣು ಮುಚ್ಚೂದಿಲ್ಲ."

ಖರೇನೇ ಮುಚ್ಚಲಿಲ್ಲ ಮುದುಕಿ.

ಬೆಳಿಗ್ಗೆ ನರಹರಿರಾಯರು ಅಂಗಳದಲ್ಲಿ ನಿಂತು ಗೋಡೆ ನೋಡುತ್ತ ಹೆಂಡತಿಗೆ ವರದಿ ಕೊಟ್ಟದ್ದು ಉಷಾಳಿಗೂ ಕೇಳಿಸಿತು. "ಭಾಳ ಛಲೋ ಮಂದಿ. ಹುಡುಗನ ತಾಯಿ ವಿಶಾಲಾಕ್ಷಿಬಾಯಿ ಅಂದ್ರು, ಮುಚ್ಚಿಡದs ಹೇಳಿದ್ರಲ್ಲಾ, ಅದs ದೊಡ್ಡದು, ಸೋಮವಾರ ಬರ್ತೀವಿ ಅಂತ. ರಜಾ ಹೆಚ್ಚು ಮಾಡಿಸಿಕೊಂಡು ನಿಂತಾರ."

ಗಂಡಿನವರು ಹೋಗಲಿಲ್ಲ, ಸೋಮವಾರಕ್ಕೆ ಬಂದು ಕೂರುತ್ತಾರೆ. ಮ್ಯಾಚು ಮಾತ್ರ ಇವತ್ತೇ. ತಪ್ಪಿಸಿಕೊಳ್ಳಬೇಕಾದ್ದು ತಪ್ಪಲಿಲ್ಲ, ಹೋಗಬೇಕಾದಲ್ಲಿಗೆ ದಾರಿಯಿಲ್ಲ. ತನ್ನ ಕೈಯಾರೆ ಬಾಗಿಲು ಹಾಕಿಕೊಂಡು ಕೀಲಿಕೈಯನ್ನು ಅಜ್ಜಿಯ ಮಡಿಲಿಗೆ ಎಸೆದಿದ್ದಳು ಹುಡುಗಿ. ಚಾಪೆಯ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಅಂದು ಏಕಾದಶಿ ಬೇರೆ. ಅಜ್ಜಿಗೆ ಊಟವಿಲ್ಲ, ಉಂಡ ಮೇಲಿನ ನಿದ್ದೆ ಎಲ್ಲಿಂದ ಬರಬೇಕು?

ಮೂರೂವರೆಗೆ ಮನೆಯ ಮುಂದೆ ಆಟೋ ನಿಂತಿತು. ಕಾಲೇಜಿನ ಆಟದ ಟೀಚರ್ ಶಿವದೇವಿ ಮೇಡಂ ಕೊರಳಲ್ಲಿ ಪೀಪಿ ತೂಗಿಸಿಕೊಂಡು ದಡದಡ ಒಳಗೆ ಬಂದರು. ಬೀದರ ಕಡೆಯ ಲಿಂಗಾಯತರ ಹೆಣ್ಣುಮಗಳು, ಮೈದಾನದಲ್ಲಿ ಕೂಗಿದರೆ ರಸ್ತೆಯವರು ತಿರುಗಿ ನೋಡಬೇಕು. ಅಂಗಳದಲ್ಲಿ ಮಣೆಯ ಮೇಲೆ ಕೂತ ಅಜ್ಜಿಯನ್ನು ಕಂಡು ದನಿ ತಗ್ಗಿಸಿದರು.

"ಶರಣ್ರಿ ಅಜ್ಜೀ. ಉಷಾನ ಕಳಸ್ರಿ. ಮ್ಯಾಚ್ ಐತ್ರಿ ಇವತ್ತ."

"ಕಳಸಲಿಕ್ಕೆ ಬರೂದಿಲ್ಲ. ಹೊರಗಾಗ್ಯಾಳ."

"ಅಷ್ಟs ಏನ್ರಿ?" ಮೇಡಂ ಮುಖ ಅರಳಿತು. "ನಾ ಎಲ್ಲಿ ಜ್ವರಾಗಿರಾ ಬಂತೋ ಅಂತ ಅಂಜಿದ್ದೆ. ಅದಕ್ಕೇನ್ರಿ, ನಡೀತೈತಿ."

"ನಿಮ್ಮಲ್ಲೆ ನಡೀತದ. ನಮ್ಮಲ್ಲೆ ನಡೆಯೂದಿಲ್ಲ."

ಮೇಡಂ ನೆಲದ ಮೇಲೆ ಮಂಡಿಯೂರಿ ಕೂತರು. ಜೀವಮಾನದಲ್ಲಿ ಯಾವ ರೆಫರಿಯ ಮುಂದೂ ಹಾಗೆ ಕೂತವರಲ್ಲ.

"ಅಜ್ಜೀ, ಕೈ ಮುಗೀತೀನ್ರಿ. ಆಟದ ಕಾಯ್ದೆ ಕೇಳ್ರಿ. ಐದು ಮಂದಿ ಗೆರಿ ಒಳಗ ನಿಂತ್ರನ ಆಟ ಸುರು ಮಾಡ್ತಾರ. ಒಮ್ಮೆ ಸುರು ಆತಂದ್ರ, ಆಮ್ಯಾಲ ನಾಕs ಮಂದಿ ಉಳದ್ರೂ ನಡೀತೈತಿ. ಉಷಾ ಆಡೂದು ಬ್ಯಾಡ್ರಿ. ಚೆಂಡು ಮುಟ್ಟೂದು ಬ್ಯಾಡ. ಯಾರನ್ನೂ ಮುಟ್ಟೂದು ಬ್ಯಾಡ. ಪೀಪಿ ಊದೂ ತನಕ ದೂರ ನಿಂತು ಬರ್ಲಿ. ನಾನs ಆಟೋದಾಗ ತಂದು ಬಿಡ್ತೀನಿ. ಉಳಿದ ನಾಕು ಹುಡುಗ್ಯಾರು ಆಡತಾರ, ಸೋಲಲಿ ಗೆಲ್ಲಲಿ. ಅಲ್ಲಿ ನಿಂತು ದಾರೀ ನೋಡಾಕತ್ತಾವ್ರೀ ಅವು!"

"ಮೈಲಿಗಿ ನಿಂತರೂ ಮೈಲಿಗಿನ, ಓಡಿದರೂ ಮೈಲಿಗಿನ" ಅಂದಳು ಅಜ್ಜಿ. ಸಿಟ್ಟಿನಿಂದಲ್ಲ, ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಅನ್ನುವ ಹಾಗೆ ಅಂದಳು.

ಒಳಗೆ ಉಷಾಳಿಗೆ ಇನ್ನು ತಡೆಯಲಾಗಲಿಲ್ಲ. ಹೊಸ್ತಿಲಿನ ತನಕ ಬಂದು ಒದರಿದಳು: "ಅಜ್ಜೀ, ನಾ ಹೊರಗಾಗಿಲ್ಲ! ಸುಳ್ಳು ಹೇಳೇನಿ. ಅವರು ನೋಡಲಿಕ್ಕೆ ಬರಬಾರದಂತ ಸುಳ್ಳು ಹೇಳೇನಿ. ರಾಯರಾಣಿ, ನಾ ಹೊರಗಿಲ್ಲ!"

ಅಜ್ಜಿ ಮೊಮ್ಮಗಳನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು.

"ನೋಡ್ರಿ ಬಾಯಾರ. ನಿನ್ನೆ ಹೊರಗಾಗೇನಿ ಅಂದ್ಲು. ಇವತ್ತ ನೀವು ಬಂದು ಕರದ್ರಿ, ಆಗಿಲ್ಲ ಅಂತಾಳ. ಎರಡು ತಿಂಗಳು ಮುಚ್ಚಿಟ್ಟಾಕಿ ಇವತ್ತೊಂದು ದಿನ ಖರೇ ಹೇಳ್ತಾಳ? ರಾಯರಾಣಿ ಬ್ಯಾರೆ!"

ಸುಳ್ಳು ಹೇಳಿದಾಗ ಮನೆಯೆಲ್ಲ ನಂಬಿತ್ತು, ಖರೇ ಹೇಳಿದರೆ ಮುದುಕಿ ನಗುತ್ತಾಳೆ. ಉಷಾ ಸುತ್ತ ನೋಡಿದಳು. ಅಡುಗೆ ಮನೆಯ ಬಾಗಿಲಲ್ಲಿ ತಾಯಿ ನಿಂತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ.

ಗಿರಿಜಾಬಾಯಿಗೆ ಎಲ್ಲ ಗೊತ್ತು. ಮಗಳದ್ದು ಆಗಿ ಹತ್ತು ದಿನವೂ ಆಗಿಲ್ಲ. ಬಟ್ಟೆಗಳನ್ನು ತನ್ನ ಸೀರೆಯ ಅಡಿಯಲ್ಲಿ ಬಚ್ಚಿಟ್ಟು ಮಾಳಿಗೆಯ ಮೇಲೆ ಒಣಗಿಸಿದವಳು ಅವಳೇ. ಗುರುವಾರ ಸಂಜೆ ಉಷಾ ಬಾಯಿಬಿಟ್ಟಾಗಲೇ ಅದು ಸುಳ್ಳು ಅಂತ ಅವಳಿಗೆ ಗೊತ್ತಿತ್ತು.

"ಅವ್ವಾ, ನೀ ಹೇಳು" ಅಂದಳು ಉಷಾ. "ನಿನಗ ಗೊತ್ತದ. ನೀ ಒಂದು ಮಾತು ಹೇಳು, ಅಜ್ಜಿ ಕೇಳ್ತಾಳ."

ಅಜ್ಜಿ ಸೊಸೆಯ ಕಡೆ ತಿರುಗಿದಳು. ಮೇಡಂ ತಿರುಗಿದರು. ಗಂಡಿನವರಿಗಾಗಿ ಮೊದಲೇ ರಜೆ ಹಾಕಿ ನಡುಮನೆಯಲ್ಲಿ ಪೇಪರು ಹಿಡಿದು ಕೂತ ನರಹರಿರಾಯರು ಪೇಪರು ಕೆಳಗಿಳಿಸಿದರು.

ಗಿರಿಜಾಬಾಯಿಯ ಕಣ್ಣು ಮಗಳ ಮೇಲೆ ಒಂದು ಗಳಿಗೆ ನಿಂತಿತು. ಹೌದು ಸುಳ್ಳು ಅಂದರೆ ಚಿಕ್ಕಡಪಲ್ಲಿಗೆ ಸುದ್ದಿ ಹೋಗುತ್ತದೆ. ಗಂಡನ್ನು ಬೇಡ ಅನ್ನಲು ಇಂಥ ಸುಳ್ಳು ಹೇಳಿದ ಹುಡುಗಿ ಅಂತ ರಾಯಚೂರು, ಗುಲ್ಬರ್ಗ, ಎಲ್ಲ ಕಡೆ ಹೆಸರಾಗುತ್ತದೆ. ಆಮೇಲೆ ಯಾರು ಬರುತ್ತಾರೆ ಈ ಮನೆಗೆ? ನಿನ್ನೆಯಿಂದ ಅತ್ತೆ ಅವಳೊಡನೆ ಮಾತು ಬಿಟ್ಟಿದ್ದಾಳೆ, ಗಂಡ ಮುಖ ಕೊಟ್ಟು ಮಾತಾಡಿಲ್ಲ. ಇನ್ನೊಂದು ಸುಳ್ಳನ್ನು ಬಯಲಿಗೆ ಹಾಕುವ ಧೈರ್ಯ ಆ ಹೆಂಗಸಿಗೆ ಉಳಿದಿರಲಿಲ್ಲ.

"ಆಗ್ಯಾಳ್ರಿ" ಅಂದಳು ಅತ್ತೆಗೆ. "ನಾ ನೋಡೀನಿ."

ಅಜ್ಜಿ ನಂಬದಿದ್ದರೆ ಉಷಾಳಿಗೆ ನೋವಿಲ್ಲ, ಅಜ್ಜಿಗೆ ಗೊತ್ತಿರಲಿಲ್ಲ. ಅವ್ವನಿಗೆ ಗೊತ್ತಿತ್ತಲ್ಲ! ಉಷಾ ಹೊಸ್ತಿಲ ಮೇಲೆ ಕಾಲಿಟ್ಟಳು. ಅಜ್ಜಿ ಮಣೆಯಿಂದ ಎದ್ದು ಎರಡೂ ಕೈ ಚಾಚಿ ನಿಂತಳು. ಆ ಬಾಗಿಲೋ, ಒಬ್ಬರು ನಿಂತರೆ ಗಾಳಿಗೂ ಜಾಗವಿಲ್ಲ.

"ಮುಟ್ಟು" ಅಂದಳು ಅಜ್ಜಿ. "ಮುಟ್ಟಿ ಹೋಗು. ನಾ ಮತ್ತೊಮ್ಮೆ ಬಾವಿ ನೀರು ಸುರುವಿಕೋತೀನಿ. ಮುಂಜಾನಿಂದ ಎದ್ಯಾಗ ಗೊರ ಗೊರ ಅನ್ನಲಿಕ್ಕತ್ತದ, ಅದೂ ತೀರಿಹೋಗ್ಲಿ."

ಆಡಿದ್ದನ್ನು ಮಾಡುವವಳೇ. ಉಬ್ಬಸದ ಮುದುಕಿ, ನೀರೂ ಕುಡಿಯದ ಉಪವಾಸ, ಮಾರ್ಗಶಿರದ ಚಳಿ. ಉಷಾ ಮೈದಾನದಲ್ಲಿ ಎಂಥೆಂಥ ದಾಂಡಿಗಿತ್ತಿಯರನ್ನು ಮೈ ಸೋಕದೆ ದಾಟಿ ಹೋದವಳು. ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು. ಮುದುಕಿಯ ಕೈಗಳು ಅವಳ ಜೊತೆಗೇ ವಾಲಿದವು. ಎದೆಯ ಗೊರಗೊರ ಇಲ್ಲಿಗೇ ಕೇಳಿಸುತ್ತಿತ್ತು. ಉಷಾ ಕಾಲು ಹಿಂದಕ್ಕೆ ತೆಗೆದುಕೊಂಡಳು.

ಮೇಡಂ ಮೆಲ್ಲಗೆ ಎದ್ದು ಸೀರೆಯ ಧೂಳು ಕೊಡವಿಕೊಂಡರು. ಗಿರಿಜಾಬಾಯಿಯ ಮುಖವನ್ನು ಒಮ್ಮೆ ದಿಟ್ಟಿಸಿ ನೋಡಿದರು. ಅವರೂ ಹೆಂಗಸು, ತಿಳಿಯದೆ ಇರುತ್ತದೆಯೇ? ಆದರೆ ತಾಯಿ ಆಡಿದ ಮಾತಿನ ಮೇಲೆ ಆಟದ ಮಾಸ್ತರಿಣಿ ಏನು ಮಾತಾಡಬಲ್ಲಳು?

"ಬರ್ತೀನವ್ವಾ ಉಷಾ" ಅಂದರು. ಆಟೋ ತಿರುಗಿ ಹೋಯಿತು.

ಸಂಜೆ ಹಿಂದಿನ ಓಣಿಯ ಕಿಟಕಿಯನ್ನು ಯಾರೋ ತಟ್ಟಿದರು. ನಫೀಸಾ. ಬುರ್ಖಾದ ಒಳಗೆ ಇನ್ನೂ ಆಟದ ಬಟ್ಟೆಯೇ ಇತ್ತು.

"ಕ್ಯಾ ರೇ, ಬೀಮಾರ್ ಹೈ ಕ್ಯಾ?" ಅಂದಳು ಮೊದಲಿಗೆ, ಹುಷಾರಿಲ್ಲವೇನು ಅಂತ. ಉಷಾ ಕಂಬಿಗೆ ಹಣೆ ಒತ್ತಿ, ತನಗೆ ಬಂದ ಹಿಂದಿಯಲ್ಲಿ, ಒಂದನ್ನೂ ಬಿಡದೆ ಹೇಳಿಬಿಟ್ಟಳು. ಬೈಯಲಿ, ಉಗಿಯಲಿ ಅಂತ ಕಾದಳು. ನಫೀಸಾ ಬೈಯಲಿಲ್ಲ. ನಾಲ್ವರೂ ಗೆರೆಯೊಳಗೆ ನಿಂತದ್ದು, ಎದುರಿನ ಐವರು ಎದುರಿಗೆ ನಿಂತದ್ದು, ರೆಫರಿ ಗಡಿಯಾರ ನೋಡಿದ್ದು, ಗೇಟಿನ ಹತ್ತಿರ ಯಾವ ಆಟೋ ಸದ್ದಾದರೂ ತಾವು ತಿರುಗಿ ನೋಡಿದ್ದು, ಎಲ್ಲ ಹೇಳಿದಳು. ಆಮೇಲೆ ಮೇಡಂ ಆಟೋದಿಂದ ಒಬ್ಬರೇ ಇಳಿದರು. ರೆಫರಿ ಪೀಪಿ ಊದಿ ಎದುರಾಳಿಗಳ ಕೈ ಎತ್ತಿದ. ಚೆಂಡನ್ನು ಯಾರೂ ಒಮ್ಮೆಯೂ ನೆಲಕ್ಕೆ ಬಡಿಯಲಿಲ್ಲ. ಪ್ರಿನ್ಸಿಪಾಲರು ಸೋಮವಾರದಿಂದ ಅಂಕಣ ಅಗೆಯಲು ಕಾಂಟ್ರಾಕ್ಟರಿಗೆ ಹೇಳಿದರಂತೆ.

"ನನ್ನ ನಿಕಾಹ್ ಬರೋ ಜುಮ್ಮಾಕ್ಕೆ, ಶುಕ್ರವಾರ" ಅಂದಳು ನಫೀಸಾ. "ಅಣ್ಣ ಕೇಳಿದ, ಆಡಿ ಬಂದೆಯಾ ಅಂತ. ಹೌದು, ಆಡಿದೆ ಅಂದೆ." ಅಷ್ಟು ಹೇಳಿ ಮುಖದ ಮೇಲೆ ಪರದೆ ಎಳೆದುಕೊಂಡು ಹೋದಳು. ಉಷಾ ಆ ರಾತ್ರಿಯೆಲ್ಲ ಅತ್ತಳು, ಮರುದಿನವೂ ಅತ್ತಳು. ಭಾನುವಾರ ತಲೆಯ ಮೇಲೆ ನೀರು ಬಿದ್ದಾಗ ಅಳಲಿಕ್ಕೆ ಏನೂ ಉಳಿದಿರಲಿಲ್ಲ.

ಸೋಮವಾರ ಗಂಡಿನವರು ಬಂದರು. ಹುಡುಗ ವೈಜನಾಥ ಬ್ಯಾಂಕಿನ ನೌಕರ, ತಾಯಿ ಬಾಯಿಬಿಟ್ಟರೆ ತಾನು ಬಾಯಿ ಮುಚ್ಚುವ ಜಾತಿ. ಉಷಾ ಹಸಿರು ಸೀರೆ ಉಟ್ಟು ಚಾಪೆಯ ಮೇಲೆ ಕೂತಿದ್ದಳು. ಒಂದೇ ಒಂದು ಆಸೆ ಉಳಿದಿತ್ತು ಅವಳಿಗೆ: ಬಿಸಿಲಿಗೆ ಕಪ್ಪಾದ ಮುಖ, ಹುಡುಗರ ಹಾಗೆ ಗಟ್ಟಿಯಾದ ಅಂಗೈ, ಇವನ್ನು ನೋಡಿ ಅವರೇ ಬೇಡ ಅಂದಾರು. ವಿಶಾಲಾಕ್ಷಿಬಾಯಿ ಮುಖ ನೋಡಿದರು, ಕೈ ಹಿಡಿದು ಅಂಗೈ ಸವರಿ ಹುಬ್ಬು ಗಂಟಿಕ್ಕಿದರು. ಉಷಾಳ ಎದೆ ಹಗುರಾಯಿತು.

"ಹುಡುಗಿ ಸ್ವಲ್ಪ ಬಿರುಸು" ಅಂದರು.

"ಆಟಾ ಆಡತಿದ್ಲ್ರಿ" ಅಂದಳು ಅಜ್ಜಿ, ಅಡಗಿಸದೆ. "ಮುಚ್ಚಿಡೂದೇನದ? ಮೊನ್ನೆ ಶುಕ್ರವಾರ ದೊಡ್ಡ ಮ್ಯಾಚು ಇತ್ತು. ಆಟದ ಬಾಯಿ ಮನೀ ತನಕ ಬಂದು, ಇಲ್ಲೇ, ಈ ನೆಲದ ಮ್ಯಾಲೆ ಮೊಣಕಾಲೂರಿದ್ಲು. ಈಕಿ ಇಲ್ಲದs ತಂಡನ ಮುಳುಗಿಹೋತಂತ. ಆದ್ರೂ ನಮ್ಮ ಹುಡುಗಿ ಹೊರಗಾಗಿದ್ಲಲ್ಲಾ, ಹೊಸ್ತಿಲಾ ದಾಟಲಿಲ್ಲ ನೋಡ್ರಿ."

ವಿಶಾಲಾಕ್ಷಿಬಾಯಿ ಉಷಾಳ ಕೈ ಬಿಡಲಿಲ್ಲ. ಹುಬ್ಬಿನ ಗಂಟು ಸಡಿಲಾಯಿತು. ನೋಡನೋಡುತ್ತ ಅವರ ಕಣ್ಣಲ್ಲಿ ನೀರು ತುಂಬಿತು.

"ಎಲ್ಲಾ ಬಿಟ್ಟು ಕೂತ್ಲು?" ಅಂದರು. "ಈ ಹೈದರಾಬಾದಿನಂಥಾ ಊರಾಗ, ಕಾಲೇಜಿಗೆ ಹೋಗೂ ಹುಡುಗಿ? ನನ್ನ ಇಬ್ಬರು ಸೊಸೆಂದಿರೂ ಆ ದಿನಾ ಫ್ರಿಜ್ಜಿಗೆ ಕೈ ಹಾಕ್ತಾರ್ರೀ! ವೈಜನಾಥಾ, ಬಣ್ಣಾ ಏನ್ ನೋಡ್ತಿ, ಇಂಥಾ ಹುಡುಗಿ ನನಗ ಇನ್ನೆಲ್ಲಿ ಸಿಗಬೇಕು? ನಮಗ ಒಪ್ಪಿಗಿ ಅದ. ಏನೂ ಬ್ಯಾಡ, ಹುಡುಗಿ ಕೊಡ್ರಿ ಸಾಕು. ಮಾಘದಾಗ ಮಾಡೇಬಿಡೋಣು."

ಅಜ್ಜಿ ಗೋಡೆಯ ಮೇಲಿನ ರಾಯರ ಪಟಕ್ಕೆ ಕೈಮುಗಿದಳು. ನರಹರಿರಾಯರು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು. ಉಷಾ ತಲೆ ಎತ್ತಿದಳು.

"ನಾ ಹೊರಗಾಗಿರಲಿಲ್ಲರೀ" ಅಂದಳು ಗಟ್ಟಿಯಾಗಿ. "ನಿಮ್ಮನ್ನ ತಪ್ಪಸಲಿಕ್ಕೆ ಸುಳ್ಳು..."

"ಶ್ಶ್!" ವಿಶಾಲಾಕ್ಷಿಬಾಯಿ ಅವಳ ಕೆನ್ನೆ ತಟ್ಟಿ ನಕ್ಕರು. "ಭೋಳೆ ಹುಡುಗಿ! ಇಂಥಾ ಮಾತು ಗಂಡಸರ ಮುಂದ ಆಡಬಾರದವ್ವಾ."

ಗಂಡಸರಿಬ್ಬರೂ ಮುಖ ತಿರುಗಿಸಿ ಗೋಡೆ ನೋಡತೊಡಗಿದರು. ಹೆಂಗಸರು ಸೆರಗು ಬಾಯಿಗೆ ಹಚ್ಚಿ ನಕ್ಕರು. ಉಷಾ ತಾಯಿಯನ್ನು ನೋಡಿದಳು. ಗಿರಿಜಾಬಾಯಿ ಸಕ್ಕರೆಯ ಬಟ್ಟಲು ಹಿಡಿದು ಬಂದಳು. ಮಗಳ ಎದುರು ಕೂತು, ಕಣ್ಣು ಮಾತ್ರ ಎತ್ತದೆ, ಒಂದು ಹಿಡಿ ಸಕ್ಕರೆಯನ್ನು ಅವಳ ತೆರೆದ ಬಾಯಿಗೆ ಹಾಕಿ ತನ್ನ ಅಂಗೈಯಿಂದ ಬಾಯಿ ಮುಚ್ಚಿದಳು.

"ನುಂಗು" ಅಂದಳು ಮೆಲ್ಲಗೆ. "ನನ್ನವ್ವ, ನುಂಗಿಬಿಡು."